ಬೂದಿ ಗುಡ್ಡೆಯ ಮೇಲಿನ ಕಪ್ಪು ಬಟ್ಟೆ

ನಾನು ಆಗ ನೋಡುತ್ತಿದ್ದುದು ನಲ್ಲಿಯನ್ನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆ ದಿನವನ್ನು ಎಷ್ಟು ಸಲ ನೆನೆದರೂ ನನ್ನ ಮನಸ್ಸು ಬಂದು ನಿಲ್ಲುವುದು ಆ ಹಿತ್ತಾಳೆ ನಲ್ಲಿಯ ಮುಂದೆಯೇ. ದಾವಣಗೆರೆಯಲ್ಲಿ ಬಾಡಿಗೆ ಮನೆ ನೋಡಲು ಹೋಗಿದ್ದೆವು. ಹಿತ್ತಲಲ್ಲಿ ನಲ್ಲಿ ಇತ್ತು. ಹಳ್ಳಿಯಲ್ಲಿ ಬಾವಿಯಿಂದ ನೀರು ಸೇದಿ ಸೇದಿ ಅಂಗೈ ಒರಟಾಗಿದ್ದ ನನಗೆ, ತಿರುವಿದ ಕೂಡಲೇ ನೀರು ಬಿದ್ದದ್ದು ಕಂಡು ಹಿಗ್ಗಾಯಿತು. ಎಡಗಡೆ ಸೊಂಟದ ಮೇಲೆ ಐದು ತಿಂಗಳ ಮಗ. ಬಲಗೈ ನಲ್ಲಿಯ ಮೇಲೆ. ನಾಲ್ಕು ವರ್ಷದ ಮಗಳು ಎಲ್ಲಿದ್ದಾಳೆ ಎಂದು ನಾನು ನೋಡುತ್ತಿರಲಿಲ್ಲ.

ಮನೆ ಬದಲಿಸುವ ಮಾತು ಶುರುವಾದದ್ದು ಅರವತ್ತರ ದಶಕದ ಆರಂಭದಲ್ಲಿ. ನನ್ನ ಗಂಡ ಹರಿಹರದ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದರು. ನಮ್ಮದು ಕೊಕ್ಕನೂರಿನಲ್ಲಿ ಬೇಸಾಯದ ಮನೆ. ಬಸ್ಸು ಸಿಕ್ಕರೆ ಬಸ್ಸು, ಇಲ್ಲದಿದ್ದರೆ ಸೈಕಲ್ಲು, ಹಾಗೆ ಅವರು ಹೋಗಿ ಬರುತ್ತಿದ್ದರು. ಮಳೆಗಾಲದಲ್ಲಿ ದಾರಿಯ ಕೆಸರಿಗೆ ಹೆದರಿ ವಾರದಲ್ಲಿ ಎರಡು ಮೂರು ದಿನ ಅಲ್ಲೇ ಯಾರದೋ ಕೋಣೆಯಲ್ಲಿ ಮಲಗುತ್ತಿದ್ದರು. ಮಗ ಹುಟ್ಟಿದ ಮೇಲೆ ಇದು ಆಗದ ಮಾತು ಎಂದಾಯಿತು. ಹೊಲ, ದನ ಎಲ್ಲ ಮೈದುನ ನೋಡಿಕೊಳ್ಳುವುದು, ನಾವು ಪೇಟೆಗೆ ಹೋಗುವುದು, ಮಕ್ಕಳನ್ನು ನೋಡಿಕೊಳ್ಳಲು ಅತ್ತೆ ನಮ್ಮ ಜೊತೆ ಬರುವುದು ಎಂದು ತೀರ್ಮಾನವಾಯಿತು. ಉಳಿದದ್ದು ಯಾವ ಪೇಟೆ ಎಂಬುದು ಮಾತ್ರ.

ಹರಿಹರವಾದರೆ ಗುತ್ತೂರಿನ ದಾರಿಯಲ್ಲಿ, ಹೊಳೆಯ ಕಡೆ, ಒಂದು ಮನೆ ಖಾಲಿ ಇತ್ತು. ಕಾರ್ಖಾನೆಯ ಸೈರನ್ನು ಕೇಳಿದ ಮೇಲೆ ಹೊರಟರೂ ನಡೆದು ಮುಟ್ಟಬಹುದಾದಷ್ಟು ಹತ್ತಿರ. ದಾವಣಗೆರೆಯಾದರೆ ಅವರು ದಿನಾ ರೈಲು ಹತ್ತಬೇಕು. ಆದರೆ ಅಲ್ಲಿ ದೊಡ್ಡಾಸ್ಪತ್ರೆ, ಒಳ್ಳೆಯ ಶಾಲೆ, ಪೇಟೆ ಎಲ್ಲ ಇದ್ದವು. ನನಗೆ ಇನ್ನೊಂದು ಕಾರಣವೂ ಇತ್ತು. ಮೈಸೂರಿನಲ್ಲಿ ಚಿಕ್ಕಪ್ಪನ ಮನೆಯಲ್ಲಿದ್ದುಕೊಂಡು ನಾನು ಬಿ.ಎ. ಮುಗಿಸಿದ್ದೆ. ಮದುವೆಯಾಗಿ ಬಂದ ಮೇಲೆ ಆ ಪದವಿ ಟ್ರಂಕಿನ ತಳದಲ್ಲಿ ಮಡಚಿಟ್ಟ ಕಾಗದವಾಗಿತ್ತು. ದಾವಣಗೆರೆಯ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರ್ ಬೇಕಾಗಿದ್ದಾರೆ, ಊರಿಗೆ ಬಂದರೆ ನೋಡೋಣ ಎಂದು ಒಬ್ಬರು ಬರೆದಿದ್ದರು. ಈ ಕಾರಣವನ್ನು ನಾನು ಯಾರ ಮುಂದೆಯೂ ದೊಡ್ಡದು ಮಾಡಲಿಲ್ಲ. ಮಾಡುವ ಅಗತ್ಯವೂ ಬೀಳಲಿಲ್ಲ, ಏಕೆಂದರೆ ಅತ್ತೆ ತಾವಾಗಿಯೇ ದಾವಣಗೆರೆಯ ಕಡೆ ಇದ್ದರು.

"ಹೊಳೆ ದಂಡೆ ಮನೆ ಬ್ಯಾಡಪ್ಪ," ಎಂದರು ಮಗನಿಗೆ. "ಈ ಹುಡುಗಿ ಕಾಲು ನಿಂತಲ್ಲಿ ನಿಲ್ಲಂಗಿಲ್ಲ. ಹೊಳೆ ಕರೀತೈತೆ ಮಕ್ಕಳನ್ನ."

"ಹೊಳೆ ಮನೆ ಬಾಗಿಲಿಗೆ ಬರಂಗಿಲ್ಲ ಅವ್ವ. ಮನೆಯಿಂದ ಎಷ್ಟೋ ದೂರ ಐತೆ."

"ನಿನಗೆ ದೂರ. ಅದರ ಕಾಲಿಗೆ ಏನು ದೂರ?"

ನನ್ನ ಗಂಡ ನಕ್ಕು ಕೈಬಿಟ್ಟರು. "ಆತು, ಮನೇಲಿ ಇರೋರು ನೀವು. ಮೊದಲು ದಾವಣಗೆರೆ ನೋಡಿ ಬರ್ರಿ. ನಿಮ್ಮಿಬ್ಬರಿಗೂ ಒಪ್ಪಿದ್ರೆ ನಾನು ರೈಲು ಹತ್ತೀನಿ."

ಹೀಗೆ ಒಂದು ಬುಧವಾರ ಅತ್ತೆ, ನಾನು, ಇಬ್ಬರು ಮಕ್ಕಳು ಬೆಳಗಿನ ಬಸ್ಸು ಹಿಡಿದೆವು. ಮೊದಲು ಕೆ.ಬಿ. ಬಡಾವಣೆಯಲ್ಲಿ ಒಂದು ಮನೆ ನೋಡಿದೆವು. ಹೊಸ ಗಾರೆ, ಹೊಸ ಬಾಗಿಲು. ಬಾಡಿಗೆ ನಮ್ಮ ಕೈಗೆ ಎಟುಕುವಂಥದ್ದಲ್ಲ. ಆ ಮನೆಯ ಯಜಮಾನರೇ, ಹಳೇ ಊರಿನ ಕಡೆ ತಮ್ಮದೇ ಇನ್ನೊಂದು ಮನೆ ಇದೆ, ಮಂಡಕ್ಕಿ ಭಟ್ಟಿಗಳ ಹಿಂದಿನ ಓಣಿ, ಅದು ನಿಮಗೆ ಸರಿಹೋದೀತು ಎಂದು ಛತ್ರಿ ಹಿಡಿದುಕೊಂಡು ಜೊತೆಗೇ ಬಂದರು. ವಯಸ್ಸಾದವರು. ದಾರಿಯುದ್ದಕ್ಕೂ ನಲ್ಲಿಯ ಬಗ್ಗೆಯೇ ಮಾತಾಡಿದರು.

ಮನೆ ಒಳ್ಳೆಯದಿತ್ತು. ಎರಡು ಕೋಣೆ, ಅಡುಗೆಮನೆ, ಬಚ್ಚಲು, ಹಿತ್ತಲು. ಹಿತ್ತಲ ಗೋಡೆ ಒಂದು ಕಡೆ ಬಿದ್ದುಹೋಗಿತ್ತು. ಅದರಾಚೆ ಒಂದು ಖಾಲಿ ಜಾಗ, ಖಾಲಿ ಜಾಗದ ಆಚೆ ಒಂದು ಭಟ್ಟಿ. ಒಳಗೆ ಬಾಣಲೆಯ ಕಾದ ಮರಳಿನಲ್ಲಿ ಅಕ್ಕಿ ಅರಳುವ ಚಿಟಪಟ ಸದ್ದು ಹಿತ್ತಲಿಗೆ ಕೇಳಿಸುತ್ತಿತ್ತು. ಹುರಿದ ವಾಸನೆ ಹಿತವಾಗಿತ್ತು. ಭಟ್ಟಿಯವರು ಒಲೆಗೆ ಭತ್ತದ ಹೊಟ್ಟು ಉರಿಸುತ್ತಾರೆ. ಉರಿದ ಬೂದಿಯನ್ನು ಆ ಖಾಲಿ ಜಾಗದಲ್ಲಿ ತಂದು ಸುರಿದಿದ್ದರು. ನನ್ನ ಎದೆಯ ಮಟ್ಟಕ್ಕೆ ಬರುವಷ್ಟು ದೊಡ್ಡ ಗುಡ್ಡೆ, ಮೇಲೆಲ್ಲ ನುಣ್ಣಗೆ ಬೂದು ಬಣ್ಣ. ಗುಡ್ಡೆಯ ನೆತ್ತಿಗೆ ಒಂದು ಕೋಲು ನೆಟ್ಟಿತ್ತು. ಕೋಲಿನ ತುದಿಗೆ ಕಪ್ಪು ಬಟ್ಟೆಯ ಚೂರು ಕಟ್ಟಿತ್ತು.

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಕಣದಲ್ಲಿ ಜೋಳದ ರಾಶಿ ಹಾಕಿದ ಮೇಲೆ ದೃಷ್ಟಿ ತಾಗದಿರಲಿ ಎಂದು ರಾಶಿಯ ನೆತ್ತಿಗೆ ಕೋಲು ನೆಟ್ಟು ಕಪ್ಪು ಬಟ್ಟೆ ಕಟ್ಟುತ್ತಾರೆ. ಅಳೆದು ಚೀಲ ತುಂಬುವತನಕ ಅದು ಅಲ್ಲೇ ಇರುತ್ತದೆ. ಮೊದಲ ಚೀಲ ಹೊಲಿದ ಮೇಲೆ ಆ ಬಟ್ಟೆಯನ್ನು ಕಿತ್ತು ತರುವ ಹಕ್ಕು ಮನೆಯ ಮಕ್ಕಳದು. ತಂದವರಿಗೆ ಬೆಲ್ಲ. ಆ ವರ್ಷ ನನ್ನ ಮಗಳೇ ಕಿತ್ತು ತಂದು ಅಜ್ಜಿಯ ಕೈಯಿಂದ ಬೆಲ್ಲ ತಿಂದಿದ್ದಳು.

ಅತ್ತೆ ಬಿದ್ದ ಗೋಡೆಯ ಹತ್ತಿರ ನಿಂತು ಆ ಗುಡ್ಡೆ ನೋಡಿದರು. ಸೆರಗು ಬಾಯಿಗೆ ಹಿಡಿದು ನಗತೊಡಗಿದರು.

"ಏ ಇಲ್ಲಿ ನೋಡು ಬಾರವ್ವ! ಪ್ಯಾಟೆ ಮಂದಿ ಬೂದಿಗೂ ದೃಷ್ಟಿ ಬಟ್ಟೆ ಕಟ್ಟ್ಯಾರೆ! ಬೂದಿಗೆ ಯಾರು ಕಣ್ಣು ಹಾಕ್ತಾರೆ, ಹೇಳು?"

ನಾನೂ ನಕ್ಕೆ. ಚೆನ್ನಾಗಿಯೇ ನಕ್ಕೆ. "ಮುಂದೆ ನೀವೇ ಹಾಕ್ತೀರಿ ಬಿಡ್ರಿ ಅತ್ತೆ, ಪಾತ್ರೆ ತಿಕ್ಕೋಕೆ" ಎಂದೆ.

"ಹಾಕ್ತೀನಿ ಮತ್ತೆ! ಹೊಟ್ಟಿನ ಬೂದಿಯಂಥಾದ್ದು ಯಾವುದೈತೆ?" ಎಂದು ಅವರು ಗೋಡೆ ದಾಟಿ ಹೋಗಿ ಗುಡ್ಡೆಯ ಬುಡದಿಂದ ಒಂದು ಹಿಡಿ ಬೂದಿ ತೆಗೆದು ಬೆರಳಲ್ಲಿ ಉಜ್ಜಿ ನೋಡಿದರು. ತಣ್ಣಗಿತ್ತು. ಸೆರಗಿನ ತುದಿಗೆ ಅಷ್ಟು ಕಟ್ಟಿಕೊಂಡರು. ಆಮೇಲೆ ಅಡುಗೆಮನೆಯ ಒಲೆ ಯಾವ ದಿಕ್ಕಿಗಿದೆ ನೋಡಲು ಒಳಗೆ ಹೋದರು. ಯಜಮಾನರು ನನ್ನನ್ನು ನಲ್ಲಿಯ ಹತ್ತಿರ ಕರೆದರು.

"ತಿರುವಿ ನೋಡ್ರಿ ತಾಯಿ. ಹೆಂಗೆ ಬರ್ತೈತೆ ನೋಡ್ರಿ."

ತಿರುವಿದೆ. ನೀರು ಕೆಳಗಿನ ಕಲ್ಲಿಗೆ ಬಿದ್ದು ನನ್ನ ಸೀರೆಯ ಅಂಚಿಗೆ ಸಿಡಿಯಿತು.

ಆಗ ಭಟ್ಟಿಯ ಕಡೆಯಿಂದ ಒಬ್ಬ ಹೆಂಗಸಿನ ಕೂಗು ಕೇಳಿತು. "ಏಯ್! ಏ ಕೂಸೇ! ಇಳಿ ಇಳಿ!"

ತಲೆ ಎತ್ತಿದೆ. ನನ್ನ ಮಗಳು ಗುಡ್ಡೆಯ ಅರ್ಧಕ್ಕೆ ಹತ್ತಿದ್ದಳು. ಎರಡೂ ಕೈ ಮುಂದೆ ಚಾಚಿ ಕಪ್ಪು ಬಟ್ಟೆಯ ಕಡೆ ಹೋಗುತ್ತಿದ್ದಳು. ಇನ್ನೊಂದು ಹೆಜ್ಜೆ ಇಟ್ಟಳು. ಅವಳ ಕಾಲ ಕೆಳಗೆ ಬೂದಿ ಒಡೆದು ಒಳಗಿನಿಂದ ಕೆಂಪು ಕಂಡಿತು. ಹಗಲಿನ ಬೆಳಕಿನಲ್ಲೂ ಕಂಡಿತು. ಅದು ಒಲೆಯ ಕೆಂಡದ ಹಾಗಿರಲಿಲ್ಲ. ಸದ್ದಿಲ್ಲ, ಹೊಗೆಯಿಲ್ಲ, ಸುಮ್ಮನೆ ಕೆಂಪು. ಆ ಹೆಂಗಸು ಓಡಿಬಂದು ತಾನೇ ಗುಡ್ಡೆಗೆ ಕಾಲಿಟ್ಟು, ಮಗಳ ಲಂಗವನ್ನು ಬೆನ್ನಿನ ಹತ್ತಿರ ಹಿಡಿದು, ಚೀಲ ಎಸೆಯುವ ಹಾಗೆ ಹಿಂದಕ್ಕೆ ಎಸೆದಳು. ಮಗಳು ಬರೀ ನೆಲಕ್ಕೆ ಬಿದ್ದಳು. ಹೆಂಗಸಿನ ಕಾಲು ಪಾದದ ಹರಡಿನ ಮೇಲಿನವರೆಗೆ ಒಳಗೆ ಹೋಗಿತ್ತು. ಅವಳು ಅದನ್ನು ಕಿತ್ತುಕೊಂಡು ಕುಂಟುತ್ತ ಓಡಿ, ಭಟ್ಟಿಯ ಬಾಗಿಲಲ್ಲಿದ್ದ ಭತ್ತ ನೆನೆಹಾಕಿದ್ದ ತೊಟ್ಟಿಯಲ್ಲಿ ಕಾಲು ಅದ್ದಿ ನಿಂತಳು. ಅಲ್ಲಿಂದಲೇ ಕೂಗಿದಳು: "ಕೂಸಿನ ಕಾಲಿಗೆ ನೀರು ಹಾಕ್ರೇ!"

ಇಷ್ಟು ಆಗುವಾಗ ನಾನು ಏನು ಮಾಡಿದೆ? ಏನೂ ಮಾಡಲಿಲ್ಲ. ಓಡಲಿಲ್ಲ. ಕೂಗಲಿಲ್ಲ. ನಲ್ಲಿಯ ಮೇಲಿನ ಕೈಯನ್ನೂ ತೆಗೆಯಲಿಲ್ಲ. ಕಂಕುಳಲ್ಲಿ ಕೂಸಿತ್ತು ಎಂದು ಆಮೇಲೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಕೂಸನ್ನು ಎತ್ತಿಕೊಂಡೂ ಓಡಬಹುದು, ಹೆಂಗಸರು ದಿನಾ ಓಡುತ್ತಾರೆ. ಅರ್ಧ ಕೊಡ ತುಂಬುವಷ್ಟು ಹೊತ್ತೂ ಆಗಿರಲಾರದು. ನಾನು ನಿಂತೇ ಇದ್ದೆ. ನನ್ನ ಕೈಯನ್ನು ಪಕ್ಕಕ್ಕೆ ಸರಿಸಿ ನಲ್ಲಿ ನಿಲ್ಲಿಸಿದವರು ಯಜಮಾನರು. "ನೀರು ಪೋಲಾಗ್ತೈತೆ ತಾಯಿ" ಎಂದರು. ಅವರಿಗೂ ಏನು ಹೇಳಬೇಕೆಂದು ತಿಳಿದಿರಲಿಲ್ಲ ಎಂದು ಈಗ ಅನ್ನಿಸುತ್ತದೆ.

ಅತ್ತೆ ಒಳಗಿನಿಂದ ಬಂದು ಮೊಮ್ಮಗಳನ್ನು ಎತ್ತಿ ನಲ್ಲಿಯ ಕೆಳಗೆ ಹಿಡಿದರು. ಎಡಗಾಲಿನ ಹೆಬ್ಬೆರಳು ಮತ್ತು ಅಂಗಾಲಿನ ಮುಂಭಾಗ ಬೆಂದಿತ್ತು. ಅಷ್ಟೇ. ಇನ್ನೊಂದು ಹೆಜ್ಜೆ ಮುಂದೆ ಹೋಗಿದ್ದರೆ ಸೊಂಟದವರೆಗೆ ಇಳಿಯುತ್ತಿದ್ದಳು ಎಂದು ಆ ಹೆಂಗಸು ತೊಟ್ಟಿಯಲ್ಲಿ ನಿಂತೇ ಹೇಳಿದಳು. ನೋವಿಗೆ ಅವಳ ಮಾತು ತುಂಡು ತುಂಡಾಗಿ ಬರುತ್ತಿತ್ತು.

"ಕೋಲು ಕಾಣಲಿಲ್ಲೇನ್ರೇ? ಅಷ್ಟು ದೊಡ್ಡ ಬಟ್ಟೆ ಕಟ್ಟೀವಿ! ಕೋಲು ಐತೆ ಅಂದ್ರೆ ಒಳಗೆ ಕೆಂಡ ಐತೆ ಅಂತ. ಮ್ಯಾಲೆ ಆರಿದ್ರೂ ಒಳಗೆ ವಾರಗಟ್ಟಲೆ ಆರಂಗಿಲ್ಲ ಇದು. ಆರಿದ ಮ್ಯಾಲೆ ನಾವೇ ಕೋಲು ಕೀಳ್ತೀವಿ."

ಅತ್ತೆ ಮೊಮ್ಮಗಳ ಕಾಲಿಗೆ ನೀರು ಬಿಡುತ್ತಲೇ ಇದ್ದರು.  ಅವಳ ಕಾಲು ಹೇಗಿದೆ ಎಂದು ಅವರೂ ನಾನೂ ಹೋಗಿ ನೋಡಲಿಲ್ಲ. ಮಗಳು ಚೀರುತ್ತಿದ್ದಳು, ಮಗ ಅವಳನ್ನು ಕೇಳಿ ತಾನೂ ಚೀರುತ್ತಿದ್ದ. ಯಜಮಾನರು ಟಾಂಗಾ ಕರೆಸಿದರು. ಡಾಕ್ಟರಲ್ಲಿ ಪಟ್ಟಿ ಕಟ್ಟಿಸಿಕೊಂಡು ನಾವು ಸೀದಾ ಬಸ್ಸಿಗೆ ಹೋದೆವು. ಬಸ್ಸು ಊರು ದಾಟಿದ ಮೇಲೆ ಅತ್ತೆ ಸೆರಗಿನ ಗಂಟು ಬಿಚ್ಚಿ ಬೂದಿಯನ್ನು ಕಿಟಕಿಯಿಂದ ಹೊರಗೆ ಝಾಡಿಸಿದರು. ಗಾಳಿಗೆ ಅರ್ಧ ಒಳಗೇ ಬಂತು. ಹಿಂದೆ ಕೂತವರು ಬೈದರು.

ಸಂಜೆ ಗಂಡ ಮನೆಗೆ ಬಂದು ಪಟ್ಟಿ ನೋಡಿ ಏನಾಯಿತು ಎಂದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ, "ಒಲೆ ಮುಂದಿನ ಕೆಂಡ ತುಳಿದ್ಲು" ಎಂದುಬಿಟ್ಟರು. ನನ್ನ ಕಡೆ ನೋಡಲಿಲ್ಲ.

"ಮನೆ ಹೆಂಗಿತ್ತು?"

"ಮನೆ ಚೊಲೋ ಐತೆ. ನೀರೈತೆ," ಎಂದರು ಅತ್ತೆ.

ಗಂಡ ನನ್ನತ್ತ ತಿರುಗಿದರು. ನಾನು, "ಹೌದು, ನೀರು ಚೆನ್ನಾಗಿದೆ" ಎಂದೆ.

ಅತ್ತೆ ಯಾಕೆ ಹಾಗೆ ಹೇಳಿದರೆಂದು ನನಗೆ ಗೊತ್ತಿತ್ತು. ನಕ್ಕವರು ಅವರು. ನಾನು ಯಾಕೆ ಸುಮ್ಮನಿದ್ದೆ ಎಂಬುದು ಅವರಿಗೆ ಗೊತ್ತಿತ್ತೋ ಇಲ್ಲವೋ. ಹೇಳಿದ್ದರೆ ದಾವಣಗೆರೆಯ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಶಾಲೆಯ ಕೆಲಸವೂ ಅಲ್ಲಿಗೇ ಮುಗಿಯುತ್ತಿತ್ತು. ಪಟ್ಟಿ ಬಿಚ್ಚಿ ಮಗಳ ಕಾಲಿಗೆ ಲೋಳೆಸರ ಹಚ್ಚುತ್ತ ಕೂತಿದ್ದ ನನಗೆ ಆಗಲೂ ಆ ಶಾಲೆ ನೆನಪಿತ್ತು. ಇದನ್ನು ಬರೆಯುವುದು ಸುಲಭವಲ್ಲ, ಆದರೆ ಅದು ಹಾಗೆಯೇ ಇತ್ತು.

ಮುಂದಿನ ಹತ್ತು ದಿನ ಬೇರೇನೂ ಆಗಲಿಲ್ಲ. ರೊಟ್ಟಿ ತಟ್ಟುವಾಗ, ಬಟ್ಟೆ ಒಗೆಯುವಾಗ, ಆ ಬೂದಿ ಒಡೆದು ಕೆಂಪು ಕಾಣುವುದು ನನ್ನ ಕಣ್ಣ ಮುಂದೆ ಬರುತ್ತಿತ್ತು. ಬಂದಾಗಲೆಲ್ಲ ಮೊದಲಿನಿಂದ ಶುರುವಾಗುತ್ತಿತ್ತು: ಅತ್ತೆಯ ನಗು, ನನ್ನ ನಗು, ನಲ್ಲಿ, ಕೂಗು. ಪ್ರತಿ ಸಲವೂ ನಾನು ಓಡುವ ಜಾಗ ಬರುತ್ತಿತ್ತು, ಪ್ರತಿ ಸಲವೂ ಓಡುತ್ತಿರಲಿಲ್ಲ. ಆ ನಗುವಿನ ಹತ್ತಿರ ಹೆಚ್ಚು ಹೊತ್ತು ನಿಲ್ಲುತ್ತಿದ್ದೆ. ಅತ್ತೆಗೆ ಕಣದ ರಾಶಿ ಗೊತ್ತಿತ್ತು, ಅದನ್ನು ನೆನೆದು ನಕ್ಕರು. ನಾನು ಓದಿದವಳು. ಇದು ಏನು, ಯಾಕೆ ಕಟ್ಟಿದ್ದಾರೆ ಎಂದು ಯಜಮಾನರನ್ನು ಒಂದು ಮಾತು ಕೇಳಬಹುದಿತ್ತು. ನಾವು ನಕ್ಕದ್ದನ್ನು ಕೇಳಿಯೇ ಮಗಳ ಕಣ್ಣು ಆ ಬಟ್ಟೆಯ ಮೇಲೆ ಬಿದ್ದದ್ದು. ಕಿತ್ತು ತಂದರೆ ಬೆಲ್ಲ ಎಂದು ಅವಳಿಗೆ ಕಲಿಸಿದವರು ನಾವೇ.

ಭಾನುವಾರ ಗಂಡ, "ದಾವಣಗೆರೆ ಮನೆಗೆ ಹೂಂ ಅನ್ನೋ ಮೊದಲು ಹರಿಹರದ್ದೂ ಒಂದು ಸಲ ನೋಡ್ರಿ. ನೋಡದೇ ಬ್ಯಾಡ ಅಂದ್ರೆ ನನಗೆ ಸಮಾಧಾನ ಆಗಲ್ಲ" ಎಂದರು. ಎಲ್ಲರೂ ಹೋದೆವು. ಮಗಳ ಪಟ್ಟಿ ಬಿಚ್ಚಿತ್ತು, ಸ್ವಲ್ಪ ಕುಂಟುತ್ತಿದ್ದಳು.

ಗುತ್ತೂರಿನ ದಾರಿಯ ಆ ಮನೆ ಚಿಕ್ಕದು. ನಲ್ಲಿ ಇಲ್ಲ, ಓಣಿಯ ಕೊನೆಯಲ್ಲಿ ಬಾವಿ. ಪಕ್ಕದ ಜಾಗದಲ್ಲಿ ಯಾರೋ ಮನೆ ಕಟ್ಟಿಸಲು ಹೊಳೆಯ ಮರಳು ತಂದು ಗುಡ್ಡೆ ಹಾಕಿದ್ದರು. ಓಣಿಯ ಮಕ್ಕಳು ಅದರ ಮೇಲೆ ಹತ್ತಿ ಜಾರುತ್ತಿದ್ದರು. "ಹೋಗು, ನೀನೂ ಆಡು" ಎಂದು ಗಂಡ ಮಗಳನ್ನು ಇಳಿಸಿ ಮುಂದೆ ಬಿಟ್ಟರು.

ಅವಳು ಎರಡು ಹೆಜ್ಜೆ ಹೋದಳು. ನಿಂತಳು. ಆಮೇಲೆ ಆ ಮಕ್ಕಳನ್ನು ನೋಡಿ ಕೂಗತೊಡಗಿದಳು. "ಇಳಿರೋ! ಇಳಿರೋ! ಒಳಗೆ ಕೆಂಡ ಐತೆ!" ಆಡುತ್ತಿದ್ದ ಮಕ್ಕಳು ನಿಂತು ಅವಳನ್ನು ನೋಡಿದವು. ಒಬ್ಬ ಹುಡುಗಿ ನಕ್ಕಳು. ಮಗಳು ತಿರುಗಿ ಓಡಿಬಂದು ಅಪ್ಪನ ಕಾಲು ಹಿಡಿದು, "ಅವರನ್ನ ಎಸಿಯಪ್ಪ! ಆ ಅವ್ವ ನನ್ನ ಎಸೆದಂಗೆ ಎಸಿ!" ಎಂದು ಅತ್ತಳು.

ಗಂಡ ಅವಳನ್ನು ಎತ್ತಿಕೊಂಡರು. ನಮ್ಮಿಬ್ಬರನ್ನೂ ನೋಡಿದರು. "ಯಾವ ಅವ್ವ?"

ಅಲ್ಲಿಯೇ, ಆ ಖಾಲಿ ಮನೆಯ ಜಗಲಿಯ ಮೇಲೆ ಕೂತು ನಾನು ಹೇಳಿದೆ. ಅತ್ತೆ ಮುಖ ಆ ಕಡೆ ತಿರುಗಿಸಿ ಮೊಮ್ಮಗನನ್ನು ತೊಡೆಯ ಮೇಲೆ ಆಡಿಸುತ್ತಿದ್ದರು. ನಾನು ಅತ್ತೆ ನಕ್ಕದ್ದನ್ನು ಬಿಟ್ಟೆ, ನಾನು ನಕ್ಕದ್ದನ್ನೂ ಬಿಟ್ಟೆ. ಬಟ್ಟೆ ಕಂಡು ಹತ್ತಿದಳು ಎಂದಷ್ಟೇ ಹೇಳಿದೆ. ಗಂಡ ಬೈಯಲಿಲ್ಲ. ಅವರು ಕೇಳಿದ್ದು ಒಂದೇ.

"ಆ ಹೆಂಗಸಿನ ಕಾಲು ಏನಾತು?"

"ಗೊತ್ತಿಲ್ಲ."

"ಹತ್ತು ದಿನ ಆತು. ಗೊತ್ತಿಲ್ಲ?"

ಬೈದಿದ್ದರೆ ಒಳ್ಳೆಯದಿತ್ತು.

ಅಲ್ಲಿಂದಲೇ ದಾವಣಗೆರೆಯ ರೈಲು ಹತ್ತಿದೆವು. ಅತ್ತೆ ಹರಿಹರದ ಪೇಟೆಯಲ್ಲಿ ಒಂದು ಕುಡಿಕೆ ಬೆಣ್ಣೆ ತೆಗೆದುಕೊಂಡರು. ಭಟ್ಟಿಯಲ್ಲಿ ಆ ಹೆಂಗಸು ಕಾಲು ಚಾಚಿ ಕೂತು ಮಂಡಕ್ಕಿ ಜರಡಿ ಹಿಡಿಯುತ್ತಿದ್ದಳು. ಕಾಲಿಗೆ ಮಂಡಿಯ ಕೆಳಗಿನಿಂದ ಹಳೆಯ ಪಂಚೆಯ ಬಟ್ಟೆ ಸುತ್ತಿತ್ತು. ನಮ್ಮನ್ನು ಕಂಡು ಗುರುತು ಹಿಡಿದಳು.

"ಬರ್ರಿ, ಕೂಡ್ರಿ. ಕೂಸು ನಡೀತೈತಲ್ಲ, ಸಾಕು. ನಂದು ಇನ್ನೂ ನಡಿಯವಲ್ದು."

ಅತ್ತೆ ಬೆಣ್ಣೆಯ ಕುಡಿಕೆ ಮುಂದಿಟ್ಟರು. ಅವಳು ಮುಚ್ಚಳ ತೆಗೆದು ನೋಡಿ, "ಇದು ಕಾಲಿಗೋ ರೊಟ್ಟಿಗೋ?" ಎಂದಳು. ಅತ್ತೆ, "ನಿನಗ ಹೆಂಗೆ ಬೇಕೋ ಹಂಗೆ ತಂಗಿ" ಎಂದರು.  ನನ್ನ ಗಂಡ ಡಾಕ್ಟರಿಗೆ ತೋರಿಸಿದೆಯಾ ಎಂದರು. ತೋರಿಸಿಲ್ಲ ಎಂದಳು. ಅವರು ಟಾಂಗಾ ತರಿಸಿ ಅವಳನ್ನು ಕರೆದುಕೊಂಡು ಹೊರಡುವಾಗ ನಾನು ಅವಳ ಪಕ್ಕದಲ್ಲಿ ಕೂತೆ. ದಾರಿಯಲ್ಲಿ ಅವಳು ಕೇಳಿದಳು.

"ಆ ಮನೆ ತಗೊಳ್ತೀರೇನ್ರಿ?"

"ಇನ್ನೂ ತಿಳಿದಿಲ್ಲ."

"ಅವತ್ತು ನೀವು ಬಂದಿದ್ದು ನೋಡಿದ್ದೆ. ಬೂದಿ ಸುದ್ದಿ ಹೇಳಬೇಕು ಅನ್ನಿಸ್ತು. ಮನೆ ನೋಡೋಕೆ ಬಂದೋರಿಗೆ ಬೆಂಕಿ ಮಾತು ಆಡಿ ಬಾಡಿಗೆ ಕೆಡಿಸಿದ್ಲು ಅಂತ ಯಜಮಾನ್ರು ಅಂದಾರು ಅಂತ ಸುಮ್ಮನಾದೆ. ಬಂದು ಇಳೀಲಿ, ಆಮ್ಯಾಲೆ ಹೇಳಿದ್ರಾತು ಅಂದ್ಕೊಂಡೆ." ಕಾಲನ್ನು ಒಮ್ಮೆ ಸರಿಸಿಕೊಂಡಳು. "ನಮ್ಮ ಮಕ್ಕಳಿಗೆ ನಡಿಯಾಕೆ ಬರೋ ಮೊದಲೇ ಕೋಲು ಗೊತ್ತಿರ್ತೈತೆ. ನಿಮಗೆ ಹೆಂಗೆ ಗೊತ್ತಾಗ್ಬೇಕು?"

ಆ ಸಂಜೆ ಗಂಡ, "ಕೆ.ಬಿ. ಬಡಾವಣೆಯಲ್ಲೇ ಇನ್ನೊಂದು ಸಣ್ಣದು ಹುಡುಕೋಣ. ಅಲ್ಲಿ ಭಟ್ಟಿ ಇಲ್ಲ. ನಿನಗೆ ಶಾಲೆ ಕೆಲಸವೂ ಐತಲ್ಲ" ಎಂದರು. ಶಾಲೆಯ ವಿಷಯ ಅವರಿಗೆ ಗೊತ್ತಿತ್ತು ಎಂಬುದು ನನಗೆ ಆಗಲೇ ತಿಳಿದದ್ದು. ಆ ಕೆಲಸದ ಬಗ್ಗೆ ನನಗೆ ಬಂದಿದ್ದ ಕಾಗದವನ್ನು ಟ್ರಂಕಿನಲ್ಲಿ ಕಂಡು ಓದಿದ್ದರಂತೆ. ನಾನು ಬೇಡ ಎಂದೆ. ದಾವಣಗೆರೆಯ ಯಾವ ಓಣಿಯಲ್ಲಿ ಯಾವುದು ಏನೆಂದು ನನಗೆ ಗೊತ್ತಿಲ್ಲ ಅನ್ನಿಸಿತ್ತು. ಹೊಳೆಯಾದರೆ ಕಣ್ಣಿಗೆ ಕಾಣುತ್ತದೆ, ಹೊಳೆ ಎಂದು ಎಲ್ಲರಿಗೂ ಗೊತ್ತಿರುತ್ತದೆ. ಅವರ ಮಾತಿನಲ್ಲಿ ನ್ಯಾಯವಿತ್ತು, ನನ್ನದರಲ್ಲಿ ಬರೀ ಹೆದರಿಕೆ ಇತ್ತು. ಹೆದರಿಕೆಯೇ ಗೆದ್ದಿತು. ಹೊಳೆ ದಂಡೆ ಬ್ಯಾಡ ಎಂದಿದ್ದ ಅತ್ತೆಯೂ ಈ ಸಲ ಹೂಂ ಎಂದರು. ಶಾಲೆಗೆ ಬೇರೆ ಯಾರೋ ಸೇರಿದರು.

ಆದರೆ ಹರಿಹರದ ಮನೆಗೆ ಮುಂಗಡ ಕೊಡುವ ಮೊದಲು ನಾನು ಒಂದು ದಿನ ಒಬ್ಬಳೇ ಹೋಗಿ, ಬಾವಿಯ ಹತ್ತಿರ ನೀರು ಸೇದುತ್ತಿದ್ದ ಹೆಂಗಸರನ್ನು ಕೇಳಿದೆ: "ಇಲ್ಲಿ ಮಕ್ಕಳು ಎಲ್ಲಿಗೆ ಹೋಗಬಾರದು?"

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಇದೇನ್ರಿ, ಇನ್ನೂ ಮನೆಗೇ ಬಂದಿಲ್ಲ!" ಎಂದು ಒಬ್ಬಳು ನಕ್ಕಳು. ಆಮೇಲೆ ಒಬ್ಬೊಬ್ಬರೇ ಹೇಳಿದರು. ಬಾವಿಯ ಈ ಕಡೆಯ ಕಟ್ಟೆ ಸಡಿಲ. ಮೂಲೆ ಮನೆಯ ನಾಯಿ ಬೊಗಳುವುದಿಲ್ಲ, ಸೀದಾ ಕಚ್ಚುತ್ತದೆ. ಬಟ್ಟೆ ಒಗೆಯುವ ಹೊಳೆಯ ಮೆಟ್ಟಿಲಲ್ಲಿ ನೀರಿನೊಳಗಿನ ಮೂರನೆಯದಕ್ಕೆ ಕಲ್ಲೇ ಇಲ್ಲ. ಎರಡರ ಮೇಲೆ ನಿಂತವರು ಮೂರಕ್ಕೆ ಕಾಲಿಟ್ಟರೆ ಹೋದರು. ಹೊಳೆ ಕಣ್ಣಿಗೆ ಕಾಣುತ್ತದೆ ಎಂದುಕೊಂಡಿದ್ದೆನಲ್ಲ, ಆ ಮೂರನೆಯ ಮೆಟ್ಟಿಲು ಯಾರ ಕಣ್ಣಿಗೂ ಕಾಣುವುದಿಲ್ಲ.

ಆ ಮನೆಯಲ್ಲಿ ನಾವು ಬಹಳ ವರ್ಷ ಇದ್ದೆವು. ಮಗಳ ಅಂಗಾಲಿನ ಕಲೆ ಬೆಳೆಯುತ್ತ ಬೆಳೆಯುತ್ತ ಮಾಸಿತು. ಭಟ್ಟಿಯ ಹೆಂಗಸಿನ ಕಾಲು ಮಾಯಲು ನಾಲ್ಕು ತಿಂಗಳು ಹಿಡಿಯಿತು. ಗಂಡ ದಾವಣಗೆರೆಗೆ ಹೋದಾಗಲೆಲ್ಲ ಅವಳನ್ನು ಕಂಡು ಬರುತ್ತಿದ್ದರು, ಬರುವಾಗ ಒಂದು ಚೀಲ ಮಂಡಕ್ಕಿ ಇರುತ್ತಿತ್ತು. ಆ ದಿನದ ನಗುವಿನ ಬಗ್ಗೆ ಮಾತ್ರ ಆ ಮೊದಲ ವರ್ಷಗಳಲ್ಲಿ ಅತ್ತೆಯೂ ನಾನೂ ಒಂದು ದಿನವೂ ಮಾತಾಡಲಿಲ್ಲ.

ಮಗಳು ಎರಡನೆಯ ಕ್ಲಾಸಿನಲ್ಲಿದ್ದಾಗ ಎದುರು ಮನೆಗೆ ಹೊಸಬರು ಬಂದರು. ಹಳ್ಳಿಯ ಕಡೆಯವರು, ಗಂಡ ಹೆಂಡತಿ, ಇಬ್ಬರು ಸಣ್ಣ ಮಕ್ಕಳು, ಒಬ್ಬ ಅಜ್ಜಿ. ಗಾಡಿಯಿಂದ ಸಾಮಾನು ಇನ್ನೂ ಇಳಿಯುತ್ತಿತ್ತು. ನಾನು ಕೈ ಒರೆಸಿಕೊಂಡು ಹೊರಟೆ.

"ಎಲ್ಲಿಗೆ?" ಎಂದರು ಅತ್ತೆ.

"ಮೆಟ್ಟಿಲು ಹೇಳಿ ಬರ್ತೀನಿ."

"ಅವರ ಮನೇಲಿ ಇನ್ನೂ ಹಾಲು ಉಕ್ಕಿಲ್ಲ. ಈಗಲೇ ಹೋಗಿ ಹೊಳೆ ಸುದ್ದಿ ಎತ್ತಿದ್ರೆ ಏನಂದ್ಕೊಂಡಾರು?"

ನಾನು ನಿಲ್ಲಲಿಲ್ಲ. ಅತ್ತೆ ಹೇಳಿದ್ದೇ ನಿಜವಾಯಿತು. ಜಗಲಿಯ ಮೇಲೆ ಕೂತಿದ್ದ ಆ ಅಜ್ಜಿ ನನ್ನ ಮಾತು ಕೇಳಿ ಹುಬ್ಬು ಗಂಟಿಕ್ಕಿದರು. "ಏನವ್ವ ನೀನು, ಹೊಸಲು ದಾಟೋ ಮೊದಲೇ ಬಾವಿ, ಹೊಳೆ, ನಾಯಿ! ನಮ್ಮ ಮಕ್ಕಳಿಗೆ ಕಣ್ಣಿಲ್ಲೇನು?"

 ಹಿಂದೆ ಅತ್ತೆಯ ಹೆಜ್ಜೆ ಸದ್ದು ಕೇಳಿತು. ಕೈಯಲ್ಲಿ ಒಂದು ಬಟ್ಟಲು ಹೆಪ್ಪು ಹಿಡಿದುಕೊಂಡು ಬಂದಿದ್ದರು. ಅದನ್ನು ಅಜ್ಜಿಯ ಮುಂದಿಟ್ಟು ಪಕ್ಕದಲ್ಲಿ ಕೂತರು.

"ಕಣ್ಣು ನಮಗೂ ಇದ್ದುವು," ಎಂದರು. ಆಮೇಲೆ ಎಲ್ಲ ಹೇಳಿದರು. ಭಟ್ಟಿ, ಬೂದಿ ಗುಡ್ಡೆ, ಕೋಲು, ಕಪ್ಪು ಬಟ್ಟೆ. ಒಂದನ್ನೂ ಬಿಡಲಿಲ್ಲ. "ಕಣದ ರಾಶಿಗೆ ಕಟ್ಟಿದಂಗೆ ಬೂದಿಗೂ ಕಟ್ಟ್ಯಾರೆ ಅಂತ ನಾನೇ ನಕ್ಕಿದ್ದು. ನಾನು ನಕ್ಕಿದ್ದು ಕೇಳಿ ಕೂಸು ಹತ್ತಿತು."

"ನಾನೂ ನಕ್ಕಿದ್ದೆ ಅತ್ತೆ," ಎಂದೆ.

"ನೀನು ನಾನು ನಕ್ಕಿದ್ದಕ್ಕೆ ನಕ್ಕೆ," ಎಂದರು ಅವರು, ನನ್ನ ಕಡೆ ತಿರುಗದೆ.

ಗಾಡಿಯವನು ಒಂದು ಹಂಡೆ ಇಳಿಸಿ ಇದನ್ನೆಲ್ಲಿ ಇಡಲಿ ಎಂದು ಕೇಳಿದ.  ಆ ಅಜ್ಜಿ ಕೈಯಲ್ಲೇ ಜಾಗ ತೋರಿಸಿ, ಹೆಪ್ಪಿನ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಅಂಗಳದಲ್ಲಿ ಓಡಾಡುತ್ತಿದ್ದ ಮೊಮ್ಮಗನನ್ನು ಕರೆದು, ಅವನ ರಟ್ಟೆ ಹಿಡಿದು ತಮ್ಮ ಮುಂದೆ ನಿಲ್ಲಿಸಿಕೊಂಡರು.

"ಎಷ್ಟನೇ ಮೆಟ್ಲು ಅಂದೆ?" ಎಂದು ನನ್ನನ್ನು ಕೇಳಿದರು.